ಆಫೀಸ್ ಮುಗಿದ ಮೇಲೂ ಲಾಗಿನ್ ಆಗೇ ಇರುವ ಕಂಪ್ಯೂಟರ್‌ಗಳು

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಸುಮಾರು 60 ಕಂಪ್ಯೂಟರ್‌ಗಳಿವೆ. ವಿಂಡೋಸ್ 10 ಮತ್ತು 11, ಎಲ್ಲವೂ ಒಂದೇ ಡೊಮೇನ್‌ನಲ್ಲಿವೆ (ಅಕೌಂಟು, ಕಂಪ್ಯೂಟರ್‌ಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ). ಸಂಜೆ ಜನ ಮಾನಿಟರ್ ಆಫ್ ಮಾಡಿ ಹೊರಟುಬಿಡುತ್ತಾರೆ, ಲಾಗಾಫ್ ಮಾಡುವುದಿಲ್ಲ. ಅಕೌಂಟ್ಸ್‌ನವರ ಡೇಟಾ ಫೈಲ್ ಸರ್ವರ್‌ನಲ್ಲಿ ಓಪನ್ ಆಗೇ ಉಳಿದು ರಾತ್ರಿಯ ರೀಇಂಡೆಕ್ಸ್ (ಡೇಟಾದ ಸೂಚಿಯನ್ನು ಹೊಸದಾಗಿ ಕಟ್ಟುವ ಕೆಲಸ) ನಿಂತುಹೋಗುತ್ತದೆ. ಅದಕ್ಕೇ ರಾತ್ರಿ 8ರಿಂದ ಬೆಳಿಗ್ಗೆ 7ರವರೆಗೆ ಲಾಗಿನ್ ಆಗದಂತೆ ಎಲ್ಲರ ಅಕೌಂಟಿಗೂ ಲಾಗಾನ್ ಅವರ್ಸ್ ಹಾಕಿದೆ. ಕಂಪ್ಯೂಟರ್‌ಗಳಿರುವ ಒಯುಗೆ (ಡೊಮೇನಿನ ಒಳಗಿನ ಒಂದು ವಿಭಾಗ) ಒಂದು ಗ್ರೂಪ್ ಪಾಲಿಸಿ (ಅಲ್ಲಿರುವ ಎಲ್ಲಕ್ಕೂ ಒಟ್ಟಿಗೆ ಹತ್ತುವ ಸೆಟ್ಟಿಂಗ್‌ಗಳು) ಮಾಡಿ ‘ಫೋರ್ಸ್ ಲಾಗಾಫ್ ವೆನ್ ಲಾಗಾನ್ ಅವರ್ಸ್ ಎಕ್ಸ್‌ಪೈರ್’ ಕೂಡ ಎನೇಬಲ್ ಮಾಡಿದೆ. ಆದರೂ ಬೆಳಿಗ್ಗೆ ಬಂದು ನೋಡಿದರೆ ಎಲ್ಲರೂ ಲಾಗಿನ್ ಆಗೇ ಇರುತ್ತಾರೆ. ಎಲ್ಲಿ ತಪ್ಪಿದೆ?

ಉತ್ತರ: ನೀವು ಹಾಕಿದ ಎರಡು ಸೆಟ್ಟಿಂಗ್‌ಗಳಲ್ಲಿ ಒಂದೂ ಈಗಾಗಲೇ ಒಳಗೆ ಕೂತವರನ್ನು ಹೊರಗೆ ಹಾಕುವಂಥದ್ದಲ್ಲ. ಹೆಸರು ನೋಡಿದರೆ ಹಾಗನ್ನಿಸುವುದಿಲ್ಲ, ಒಪ್ಪುತ್ತೇನೆ. ಈ ಹೆಸರಿಟ್ಟವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ನ್ಯಾಯವೇ.

ಮೊದಲು ಲಾಗಾನ್ ಅವರ್ಸ್. ಸಂಜೆ ಗೇಟಿಗೆ ಬೀಗ ಹಾಕಿದರೆ ಹೊರಗಿನವರು ಒಳಗೆ ಬರಲಾರರು, ಒಳಗಿದ್ದವರು ಅಲ್ಲೇ ಇರುತ್ತಾರೆ. ಇದೂ ಅಷ್ಟೇ. ಯಾರಾದರೂ ಹೊಸದಾಗಿ ಲಾಗಿನ್ ಆಗಲು ಹೋದಾಗ ಡೊಮೇನ್ ಕಂಟ್ರೋಲರ್ (ಲಾಗಿನ್‌ಗಳನ್ನು ಪರಿಶೀಲಿಸುವ ಸರ್ವರ್) ಈ ಸಮಯದ ಪಟ್ಟಿ ನೋಡುತ್ತದೆ, ಈ ಹೊತ್ತಿಗೆ ಅನುಮತಿ ಇಲ್ಲದಿದ್ದರೆ ಬಿಡುವುದಿಲ್ಲ. ನಡೆಯುತ್ತಿರುವ ಸೆಷನ್ ತಾನಾಗಿ ಮುಗಿಯುವುದಿಲ್ಲ.

ಇಲ್ಲಿ ಇನ್ನೊಂದು ವಿಷಯ ಗೊತ್ತಿರಲಿ. ಆಕ್ಟಿವ್ ಡೈರೆಕ್ಟರಿ (ಡೊಮೇನಿನ ಅಕೌಂಟುಗಳೆಲ್ಲ ಇರುವ ದಾಖಲೆ) ಈ ಪಟ್ಟಿಯನ್ನು 21 ಬೈಟ್‌ಗಳಲ್ಲಿ ಇಟ್ಟುಕೊಳ್ಳುತ್ತದೆ. ಅಂದರೆ 168 ಬಿಟ್, ವಾರದ ಒಂದೊಂದು ಗಂಟೆಗೆ ಒಂದು. ಹಾಗಾಗಿ 7:45 ಅಂತೆಲ್ಲ ಹಾಕಲು ಬರುವುದಿಲ್ಲ. ಅದೂ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಲೆಕ್ಕದಲ್ಲಿ. ನಿಮ್ಮ ಸಮಯಕ್ಕೂ ಯುಟಿಸಿಗೂ ಇರುವ ವ್ಯತ್ಯಾಸದಲ್ಲಿ ಅರ್ಧ ಗಂಟೆಯ ತುಣುಕು ಇದ್ದರೆ ಗಡಿ ಸರಿಯಾಗಿ 8ಕ್ಕೇ ಬೀಳದೆ ಹೋಗಬಹುದು. ಒಂದು ಟೆಸ್ಟ್ ಅಕೌಂಟ್ ಮಾಡಿಕೊಂಡು ಆ ಹೊತ್ತಿಗೆ ಕೂತು ನೋಡಿಬಿಡಿ.

ಇನ್ನು ‘ಫೋರ್ಸ್ ಲಾಗಾಫ್’. ಇದು ಮುರಿಯುವುದು ಎಸ್‌ಎಂಬಿ ಸೆಷನ್ನನ್ನು, ಅಂದರೆ ಯೂಸರ್‌ನ ಕಂಪ್ಯೂಟರಿಗೂ ಫೈಲ್ ಸರ್ವರಿಗೂ ನಡುವಿನ ಕನೆಕ್ಷನ್ನನ್ನು. ಡೆಸ್ಕ್‌ಟಾಪ್ ಮುಂದೆ ಕೂತವರಿಗೆ ಏನೂ ಆಗುವುದಿಲ್ಲ. ನಿಮ್ಮಲ್ಲಿ ಅದೂ ಆಗುತ್ತಿಲ್ಲ ಯಾಕೆ ಅಂದರೆ ಇದು ಪಾಸ್‌ವರ್ಡ್ ಪಾಲಿಸಿಯ ಜಾತಿಗೆ ಸೇರಿದ್ದು. ಇಡೀ ಡೊಮೇನಿಗೆ ಒಂದೇ ಇರುತ್ತದೆ, ಡಿಫಾಲ್ಟ್ ಡೊಮೇನ್ ಪಾಲಿಸಿಯಲ್ಲೇ ಹಾಕಬೇಕು. ಕಂಪ್ಯೂಟರ್‌ಗಳ ಒಯುನಲ್ಲಿ ಹಾಕಿದ್ದು ಡೊಮೇನ್ ಅಕೌಂಟುಗಳನ್ನು ಮುಟ್ಟುವುದಿಲ್ಲ.

ಹಾಗಾದರೆ ಅಲ್ಲಿಗೆ ಸರಿಸಿಬಿಡುತ್ತೇನೆ ಅಂತ ಹೊರಡಬೇಡಿ, ಸ್ವಲ್ಪ ತಡೆಯಿರಿ. ಅಕೌಂಟ್ಸ್ ಫೈಲ್ ತೆರೆದು ಯಾರೋ ಎಂಟ್ರಿ ಹಾಕುತ್ತಿರುವಾಗ ಸರಿಯಾಗಿ 8ಕ್ಕೆ ಕನೆಕ್ಷನ್ ಕಟ್ ಆದರೆ ಏನಾಗಬಹುದು, ಯೋಚಿಸಿ. ಹಂಚಿಕೊಂಡು ಬಳಸುವ ಡೇಟಾ ಫೈಲಿಗೆ ಅರ್ಧ ಬರೆದಾಗ ದಾರಿ ಮುಚ್ಚಿಹೋದರೆ ಫೈಲೇ ಕೆಡಬಹುದು. ನಿಮಗೆ ಬೇಕಾಗಿರುವುದು ಸಾಫ್ಟ್‌ವೇರ್ ಕ್ಲೋಸ್ ಆಗುವುದು, ತಂತಿ ಕಿತ್ತುಹೋಗುವುದಲ್ಲ ಅಲ್ವಾ?

ನೀವು ಹುಡುಕುತ್ತಿದ್ದ ಸೆಟ್ಟಿಂಗ್ ಮೂರನೆಯದು, ಬೇರೆ ಜಾಗದಲ್ಲಿದೆ. ಯೂಸರ್ ಕಾನ್ಫಿಗರೇಶನ್, ಅದರೊಳಗೆ ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ವಿಂಡೋಸ್ ಲಾಗಾನ್ ಆಪ್ಷನ್ಸ್. ಅಲ್ಲಿ ‘ಸೆಟ್ ಆ್ಯಕ್ಷನ್ ಟು ಟೇಕ್ ವೆನ್ ಲಾಗಾನ್ ಅವರ್ಸ್ ಎಕ್ಸ್‌ಪೈರ್’ ಅಂತ ಇದೆ. ಲಾಕ್, ಡಿಸ್‌ಕನೆಕ್ಟ್, ಲಾಗಾಫ್ ಎಂಬ ಮೂರು ಆಯ್ಕೆ. ಇದನ್ನು ಮುಟ್ಟದೇ ಬಿಟ್ಟರೆ ಸಮಯ ಮುಗಿದರೂ ವಿಂಡೋಸ್ ಸುಮ್ನೆ ಇರುತ್ತದೆ. ನೀವು ದಿನಾ ಬೆಳಿಗ್ಗೆ ನೋಡುತ್ತಿರುವುದು ಇದನ್ನೇ.

ಲಾಗಾಫ್ ಆರಿಸಿದರೆ ಗಡಿ ದಾಟಿದಾಗ ಸೆಷನ್ ಮುಗಿಯುತ್ತದೆ. ಅದಕ್ಕೆ ಮುಂಚೆ ಯೂಸರಿಗೆ ಎಚ್ಚರಿಕೆಯೂ ಬರುತ್ತದೆ. ಅದೇ ಫೋಲ್ಡರಿನಲ್ಲಿ ಆ ಎಚ್ಚರಿಕೆಯನ್ನು ತೆಗೆಯುವ ಇನ್ನೊಂದು ಪಾಲಿಸಿ ಇದೆ, ದಯವಿಟ್ಟು ಅದರ ತಂಟೆಗೆ ಹೋಗಬೇಡಿ. ಲಾಕ್ ಆರಿಸಿದರೆ ಯೂಸರ್ ಮತ್ತೆ ಅನುಮತಿಯ ಸಮಯ ಬರುವವರೆಗೆ ಅನ್‌ಲಾಕ್ ಮಾಡಲಾರರು, ಆದರೆ ಸಾಫ್ಟ್‌ವೇರ್ ಹಾಗೇ ಓಡುತ್ತಿರುತ್ತದೆ. ಫೈಲ್ ಓಪನ್ ಆಗೇ ಇರುತ್ತದೆ. ನಿಮಗೆ ಅದು ಉಪಯೋಗವಿಲ್ಲ.

ಇದು ಯೂಸರ್ ಕಡೆಯ ಪಾಲಿಸಿ ಅನ್ನುವುದನ್ನು ಮರೆಯಬೇಡಿ. ಕಂಪ್ಯೂಟರ್‌ಗಳ ಒಯುಗೆ ಲಿಂಕ್ ಮಾಡಿದರೆ ಹತ್ತುವುದಿಲ್ಲ. ಯೂಸರ್ ಅಕೌಂಟ್‌ಗಳಿರುವ ಒಯುಗೆ ಲಿಂಕ್ ಮಾಡಿ, ಇಲ್ಲವಾದರೆ ಲೂಪ್‌ಬ್ಯಾಕ್ ಪ್ರೊಸೆಸಿಂಗ್ (ಕಂಪ್ಯೂಟರ್‌ಗಳ ಒಯುನಲ್ಲಿರುವ ಯೂಸರ್ ಪಾಲಿಸಿಯನ್ನೂ ಹತ್ತಿಸುವ ಸೆಟ್ಟಿಂಗ್) ಆನ್ ಮಾಡಿ. ಆಮೇಲೆ ಒಮ್ಮೆ ಲಾಗಾಫ್ ಆಗಿ ಹೊಸದಾಗಿ ಲಾಗಿನ್ ಆದ ಸೆಷನ್‌ನಲ್ಲೇ ಪರೀಕ್ಷೆ ಮಾಡಿ. ಜಿಪಿರಿಸಲ್ಟ್ ಕಮಾಂಡ್ ಓಡಿಸಿದರೆ ಪಾಲಿಸಿ ಬಂದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಪ್ರಶ್ನೆಗೆ ನೇರ ಉತ್ತರ ಇಷ್ಟೇ. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ 60 ಜನಕ್ಕೂ ಇದನ್ನು ಹಾಕುತ್ತಿರಲಿಲ್ಲ.

ಕಾರಣ, ಲಾಗಾನ್ ಅವರ್ಸ್‌ಗೆ ಗಡಿಯಾರ ಮಾತ್ರ ಗೊತ್ತು. ಮನೆಗೆ ಹೋದವರು ಯಾರು, ತಿಂಗಳ ಕೊನೆಯ ಲೆಕ್ಕ ಮುಗಿಸಲು ಕೂತವರು ಯಾರು, ಅದಕ್ಕೆ ತಿಳಿಯುವುದಿಲ್ಲ. 8ಕ್ಕೆ ಇಬ್ಬರನ್ನೂ ಒಂದೇ ರೀತಿ ಹೊರಗೆ ಹಾಕುತ್ತದೆ, ಮತ್ತೆ ಒಳಗೂ ಬಿಡುವುದಿಲ್ಲ. ಆಗ ಫೋನ್ ಬರುವುದು ನಿಮಗೇ. ಎರಡು ಸಲ ಹೀಗಾದರೆ ಮ್ಯಾನೇಜರ್ ‘ನನ್ನ ಟೀಮಿಗೆ ಇದು ಬೇಡ’ ಅನ್ನುತ್ತಾರೆ. ವಿನಾಯಿತಿ ಗ್ರೂಪು ಬೆಳೆಯುತ್ತಾ ಹೋಗಿ, ಕೊನೆಗೆ ಪಾಲಿಸಿ ಅನ್ವಯವಾಗುವುದು ಯಾವತ್ತೂ ತಡವಾಗಿ ಕೂರದ ನಾಲ್ಕು ಜನಕ್ಕೆ ಮಾತ್ರ. ಅಂದಹಾಗೆ, ಜನ ಬೇಗ ಮನೆಗೆ ಹೋಗಲಿ ಎನ್ನುವುದು ಮೇಲಿನವರ ನಿಜವಾದ ಉದ್ದೇಶವಾಗಿದ್ದರೆ, ಅದನ್ನು ಅವರೇ ಬಾಯಿಬಿಟ್ಟು ಹೇಳಲಿ. ಗ್ರೂಪ್ ಪಾಲಿಸಿ ಕೈಲಿ ಹೇಳಿಸಬಾರದು.

ಇನ್ನೊಂದು ಅಪಾಯವೂ ಇದೆ. ‘ಎಲ್ಲರ ಅಕೌಂಟಿಗೂ’ ಹಾಕಿದೆ ಅಂತ ಬರೆದಿದ್ದೀರಿ. ಆ ಎಲ್ಲರಲ್ಲಿ ಬ್ಯಾಕಪ್ ಓಡಿಸುವ ಅಕೌಂಟು, ರಾತ್ರಿಯ ಟಾಸ್ಕ್‌ಗಳ ಅಕೌಂಟು, ಸ್ಕ್ಯಾನರ್ ಫೈಲ್ ಹಾಕುವ ಅಕೌಂಟು ಸೇರಿಲ್ಲ ತಾನೆ? ಇವಕ್ಕೂ ಲಾಗಾನ್ ಅವರ್ಸ್ ಅನ್ವಯಿಸುತ್ತದೆ. ರಾತ್ರಿ 2ಕ್ಕೆ ಓಡಬೇಕಾದ ಬ್ಯಾಕಪ್ ಲಾಗಿನ್ ಆಗಲಾಗದೆ ನಿಂತಿದ್ದು ವಾರಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರಬಹುದು. ಇದನ್ನು ಇವತ್ತೇ ನೋಡಿ.

ನನ್ನ ಸಲಹೆ ಹೀಗಿದೆ. ಲಾಗಾನ್ ಅವರ್ಸ್ ಅನ್ನು ನಿಜಕ್ಕೂ ರಾತ್ರಿ ಒಳಗಿರಬಾರದವರಿಗೆ ಮಾತ್ರ ಉಳಿಸಿ: ತಾತ್ಕಾಲಿಕ ಸಿಬ್ಬಂದಿ, ಫ್ರಂಟ್ ಆಫೀಸಿನ ಹಂಚಿಕೆ ಕಂಪ್ಯೂಟರ್, ಹೀಗೆ. ಉಳಿದವರಿಗೆ ರಾತ್ರಿ ಎಚ್ಚರಿಕೆ ಕೊಟ್ಟು ಕಂಪ್ಯೂಟರ್ ರೀಸ್ಟಾರ್ಟ್ ಮಾಡುವ ಟಾಸ್ಕ್ ಇಡಿ. ಎದುರಿಗೆ ಇದ್ದವರು ‘ಇವತ್ತು ಬೇಡ’ ಅನ್ನಬಹುದು. ಇಲ್ಲದವರ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತದೆ.

ಲಾಗಾಫ್ ಬಿಟ್ಟು ರೀಸ್ಟಾರ್ಟ್ ಯಾಕೆ? ಒಂದೇ ಕಂಪ್ಯೂಟರಿನಲ್ಲಿ ಇಬ್ಬರ ಸೆಷನ್ ಇರಬಹುದು. ಒಬ್ಬರು ಲಾಕ್ ಮಾಡಿ ಹೋಗಿರುತ್ತಾರೆ, ಇನ್ನೊಬ್ಬರು ‘ಅದರ್ ಯೂಸರ್’ ಒತ್ತಿ ಲಾಗಿನ್ ಆಗಿರುತ್ತಾರೆ. ರೀಸ್ಟಾರ್ಟ್ ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತದೆ. ಕಾದು ಕೂತ ಅಪ್‌ಡೇಟ್‌ಗಳೂ ಮುಗಿಯುತ್ತವೆ. ಕಂಪ್ಯೂಟರ್ ಆನ್ ಆಗೇ ಇರುವುದರಿಂದ ರಾತ್ರಿ ಬೇರೆ ಕೆಲಸಕ್ಕೂ ಸಿಗುತ್ತದೆ.

ಟಾಸ್ಕ್ ಇಡುವುದು ಕಷ್ಟವಲ್ಲ. ಗ್ರೂಪ್ ಪಾಲಿಸಿಯಲ್ಲಿ ಕಂಪ್ಯೂಟರ್ ಕಾನ್ಫಿಗರೇಶನ್, ಪ್ರಿಫರೆನ್ಸಸ್, ಕಂಟ್ರೋಲ್ ಪ್ಯಾನೆಲ್ ಸೆಟ್ಟಿಂಗ್ಸ್, ಶೆಡ್ಯೂಲ್ಡ್ ಟಾಸ್ಕ್ಸ್. ಸಿಸ್ಟಮ್ ಅಕೌಂಟಿನಲ್ಲಿ, ಅಂದರೆ ವಿಂಡೋಸ್‌ನ ಸ್ವಂತ ಅಕೌಂಟಿನಲ್ಲಿ, ಓಡಲಿ. ಓಡಿಸುವ ಕಮಾಂಡ್ ಇದು:

ಶಟ್‌ಡೌನ್ /ಆರ್ /ಟಿ 900 /ಸಿ "15 ನಿಮಿಷದಲ್ಲಿ ರೀಸ್ಟಾರ್ಟ್ ಆಗುತ್ತದೆ. ಕೆಲಸ ಸೇವ್ ಮಾಡಿ. ಇನ್ನೂ ಕೆಲಸ ಇದ್ದರೆ ಡೆಸ್ಕ್‌ಟಾಪಿನ ‘ಇವತ್ತು ಬೇಡ’ ಒತ್ತಿ."

ಟೈಪ್ ಮಾಡುವಾಗ ಕಮಾಂಡು, ಸ್ವಿಚ್‌ಗಳು ಇಂಗ್ಲಿಷ್ ಅಕ್ಷರದಲ್ಲಿರಲಿ. /ಆರ್ ಅಂದರೆ ರೀಸ್ಟಾರ್ಟ್, /ಟಿ ಮುಂದಿನದು ಸೆಕೆಂಡು, /ಸಿ ಮುಂದಿನದು ಯೂಸರಿಗೆ ಕಾಣುವ ಸಂದೇಶ. ಸಂದೇಶ 512 ಅಕ್ಷರ ಮೀರಬಾರದು. ‘ಇವತ್ತು ಬೇಡ’ ಎನ್ನುವುದು ಶಟ್‌ಡೌನ್ /ಎ ಓಡಿಸುವ ಶಾರ್ಟ್‌ಕಟ್, ಅದನ್ನೂ ಗ್ರೂಪ್ ಪಾಲಿಸಿಯಿಂದಲೇ ಎಲ್ಲರ ಡೆಸ್ಕ್‌ಟಾಪಿಗೆ ಹಾಕಬಹುದು. ಕಂಪ್ಯೂಟರ್ ಶಟ್‌ಡೌನ್ ಮಾಡುವ ಹಕ್ಕಿರುವ ಯಾರು ಬೇಕಾದರೂ ಇದನ್ನು ಒತ್ತಬಹುದು. ಆ ಹಕ್ಕು ಸಾಮಾನ್ಯ ಯೂಸರಿಗೂ ಇದ್ದೇ ಇರುತ್ತದೆ, ನೀವು ತೆಗೆದಿಲ್ಲದಿದ್ದರೆ. ಸಂದೇಶ ಒಮ್ಮೆ ಬಂದು ಹೋದಾಗ ಕಣ್ತಪ್ಪಬಹುದು. ಹತ್ತು ನಿಮಿಷ ಮುಂಚೆ ಎಮ್‌ಎಸ್‌ಜಿ ಕಮಾಂಡ್‌ನಿಂದ ಇನ್ನೊಂದು ಸಂದೇಶ ಕಳಿಸಿದರೆ ಒಳ್ಳೆಯದು.

/ಜಿ ಎಂಬ ಇನ್ನೊಂದು ಸ್ವಿಚ್ ಇದೆ, ಅದೂ ರೀಸ್ಟಾರ್ಟೇ. ಅದನ್ನು ಹಾಕಬೇಡಿ. ರೀಸ್ಟಾರ್ಟ್ ಆದ ಮೇಲೆ ತಾನಾಗಿ ಸೈನ್ ಇನ್ ಆಗುವ ಸೌಲಭ್ಯ ಆನ್ ಇದ್ದರೆ, /ಜಿ ಕೊನೆಯ ಯೂಸರನ್ನು ಮತ್ತೆ ಲಾಗಿನ್ ಮಾಡಿಸಿ ಲಾಕ್ ಮಾಡಿಡುತ್ತದೆ. ಇಷ್ಟೆಲ್ಲ ಮಾಡಿ ಕೊನೆಗೆ ಅದೇ ಕಥೆ!

ಟಾಸ್ಕ್‌ನ ಸೆಟ್ಟಿಂಗ್ಸ್ ಟ್ಯಾಬಿನಲ್ಲಿ ಒಂದು ಟಿಕ್ ಮಾರ್ಕ್ ಇದೆ: ನಿಗದಿತ ಸಮಯ ತಪ್ಪಿದರೆ ಆದಷ್ಟು ಬೇಗ ಓಡಿಸು ಅಂತ. ಅದು ಖಾಲಿ ಇರಬೇಕು. ಟಿಕ್ ಆಗಿದ್ದರೆ ರಾತ್ರಿ ಬ್ಯಾಗಿನಲ್ಲಿ ಮಲಗಿದ್ದ ಲ್ಯಾಪ್‌ಟಾಪನ್ನು ಬೆಳಿಗ್ಗೆ 9ಕ್ಕೆ ಮೀಟಿಂಗಿನಲ್ಲಿ ತೆರೆದ ತಕ್ಷಣ ‘15 ನಿಮಿಷದಲ್ಲಿ ರೀಸ್ಟಾರ್ಟ್’ ಅಂತ ಬರುತ್ತದೆ. ಇಂಥ ದೂರು ಬಂದಾಗ ಎಲ್ಲರೂ ಅಪ್‌ಡೇಟನ್ನು ಬೈಯುತ್ತಾರೆ, ಈ ಟಿಕ್ ಯಾರಿಗೂ ಹೊಳೆಯುವುದಿಲ್ಲ.

ಬೇಡ ಅಂದವರಿಗೆ ಮತ್ತೆ ಕೇಳಬೇಕಲ್ಲ, ಅದಕ್ಕೆ ಟ್ರಿಗರನ್ನು (ಟಾಸ್ಕ್ ಶುರುವಾಗುವ ಸಮಯ) ರಾತ್ರಿ 8:30ಕ್ಕೆ ಇಟ್ಟು ಗಂಟೆಗೊಮ್ಮೆ 11:30ರವರೆಗೆ ಮರುಕಳಿಸಿ. ಆದರೆ ಯಾರೂ ಲಾಗಿನ್ ಆಗಿಲ್ಲದ ಕಂಪ್ಯೂಟರ್ ಸುಮ್ನೆ ನಾಲ್ಕು ಸಲ ರೀಸ್ಟಾರ್ಟ್ ಆಗುವುದು ಬೇಡ. ಒಂದು ಪುಟ್ಟ ಸ್ಕ್ರಿಪ್ಟ್ ಮಾಡಿ, ಮೊದಲು ಯಾರು ಲಾಗಿನ್ ಆಗಿದ್ದಾರೆ ಅಂತ ತೋರಿಸುವ ಕ್ಯೂಯೂಸರ್ ಕಮಾಂಡ್ ಓಡಿಸಿ ನೋಡಲಿ. ಯಾರೂ ಇಲ್ಲದಿದ್ದರೆ ಅಲ್ಲಿಗೇ ಮುಗಿಸಲಿ.

ಈ ಕ್ಯೂಯೂಸರ್ ಬಗ್ಗೆ ಒಂದು ಮಾತು. ಇದು ತೋರಿಸುವ ಪಟ್ಟಿಯಲ್ಲಿ ಯೂಸರ್ ಹೆಸರು, ಸೆಷನ್ ಹೆಸರು, ಐಡಿ, ಸ್ಥಿತಿ, ಐಡಲ್ ಸಮಯ (ಮುಟ್ಟದೆ ಎಷ್ಟು ಹೊತ್ತಾಯಿತು) ಅಂತ ಕಾಲಂಗಳಿವೆ. ಜನ ಇದನ್ನು ಸ್ಪೇಸ್ ಇರುವಲ್ಲಿ ತುಂಡು ಮಾಡಿ, ಮೂರನೆಯದು ಐಡಿ ಅಂತ ತೆಗೆದುಕೊಂಡು ಲಾಗಾಫ್ ಕಮಾಂಡಿಗೆ ಕೊಡುತ್ತಾರೆ. ಆದರೆ ಸೆಷನ್ ಡಿಸ್‌ಕನೆಕ್ಟ್ ಆಗಿದ್ದರೆ ಸೆಷನ್ ಹೆಸರಿನ ಜಾಗ ಖಾಲಿ ಬರುತ್ತದೆ. ಆಗ ಎಲ್ಲ ಕಾಲಂಗಳೂ ಒಂದು ಮನೆ ಎಡಕ್ಕೆ ಸರಿದು, ಐಡಿ ಇರಬೇಕಾದಲ್ಲಿ ‘ಡಿಸ್ಕ್’ ಅನ್ನುವ ಪದ ಕೂರುತ್ತದೆ. ಸ್ಕ್ರಿಪ್ಟ್ ಎಡವುತ್ತದೆ. ಯಾವ ಸೆಷನ್ನನ್ನು ತೆಗೆಯಬೇಕಿತ್ತೋ ಅದೇ ಉಳಿದುಬಿಡುತ್ತದೆ. ಐಡಲ್ ಕಾಲಂ ನಂಬಿ ನಿರ್ಧಾರ ಮಾಡುವುದೂ ಬೇಡ, ಎದುರು ಕೂತು ಕೆಲಸ ಮಾಡುವ ಕಂಪ್ಯೂಟರಿನಲ್ಲಿ ಅದು ಎಷ್ಟೋ ಸಲ ಏನೂ ಹೇಳುವುದಿಲ್ಲ.

ಟಾಸ್ಕ್ ಶೆಡ್ಯೂಲರಿನಲ್ಲಿ ‘ಕಂಪ್ಯೂಟರ್ ಐಡಲ್ ಇದ್ದಾಗ ಮಾತ್ರ’ ಎಂಬ ಷರತ್ತಿದೆಯಲ್ಲ, ಅದನ್ನೇ ಹಾಕಬಾರದೇ ಅಂತ ಕೇಳಬಹುದು. ಅದು ಮೌಸ್, ಕೀಬೋರ್ಡ್ ಜೊತೆಗೆ ಪ್ರೊಸೆಸರ್ ಮತ್ತು ಡಿಸ್ಕ್ ಓಡಾಟವನ್ನೂ ಲೆಕ್ಕ ಹಾಕುತ್ತದೆ. ರಾತ್ರಿ ಆ್ಯಂಟಿವೈರಸ್ ಸ್ಕ್ಯಾನ್ ನಡೆದರೆ ಯಾರೂ ಇಲ್ಲದ ಕಂಪ್ಯೂಟರೂ ಬ್ಯುಸಿ ಅನ್ನಿಸಿಕೊಳ್ಳುತ್ತದೆ. ಮನುಷ್ಯರನ್ನೇ ಕೇಳುವ ಬಟನ್ ಇದಕ್ಕಿಂತ ಎಷ್ಟೋ ವಾಸಿ.

ಹಾಗೆಯೇ, ಸಿಸ್ಟಮ್ ಅಕೌಂಟಿನ ಟಾಸ್ಕಿನಲ್ಲಿ ಶಟ್‌ಡೌನ್ /ಎಲ್ ಹಾಕಿ ‘ಲಾಗಾಫ್ ಆಗ್ತಿಲ್ಲ’ ಅನ್ನುವವರು ಜಾಸ್ತಿ. /ಎಲ್ ಅದನ್ನು ಓಡಿಸಿದವರನ್ನೇ ಲಾಗಾಫ್ ಮಾಡುವುದು. ಸಿಸ್ಟಮ್ ಓಡಿಸಿದರೆ ಡೆಸ್ಕ್‌ಟಾಪಿನಲ್ಲಿರುವ ಯೂಸರಿಗೆ ಅದು ತಟ್ಟುವುದೇ ಇಲ್ಲ. ಬೇರೆ ಕಂಪ್ಯೂಟರಿನ ಹೆಸರು ಕೊಡುವ /ಎಮ್ ಜೊತೆಗೂ ಅದು ನಡೆಯುವುದಿಲ್ಲ.

ಇನ್ನು ಸೇವ್ ಮಾಡದ ಕೆಲಸದ ವಿಷಯ. ಇದನ್ನು ಮುಚ್ಚಿಡಬಾರದು. /ಟಿ ಮುಂದೆ ಸೊನ್ನೆಗಿಂತ ಜಾಸ್ತಿ ಸಂಖ್ಯೆ ಹಾಕಿದರೆ, ನೀವು ಹೇಳದಿದ್ದರೂ ವಿಂಡೋಸ್ ಬಲವಂತದ ಸ್ವಿಚ್ ಸೇರಿಸಿಕೊಳ್ಳುತ್ತದೆ. ಸಮಯ ಮುಗಿದಾಗ ‘ಸೇವ್ ಮಾಡಲೇ?’ ಎಂಬ ಪ್ರಶ್ನೆಗೆ ಕಾಯದೆ ಎಲ್ಲವನ್ನೂ ಮುಚ್ಚುತ್ತದೆ. ಬಲವಂತ ಇಲ್ಲದಿದ್ದರೆ ಬಿಟ್ಟುಹೋದ ಒಂದು ವರ್ಡ್ ಫೈಲಿನ ಮುಂದೆ ಕಂಪ್ಯೂಟರ್ ಹಾಗೇ ನಿಂತುಬಿಡುತ್ತದೆ, ಉದ್ದೇಶವೇ ಈಡೇರುವುದಿಲ್ಲ. ಹಾಗಾಗಿ ಬಲವಂತ ಬೇಕು, ಆದರೆ ಜನಕ್ಕೆ ಮೊದಲೇ ಗೊತ್ತಿರಬೇಕು. ವರ್ಡ್, ಎಕ್ಸೆಲ್‌ನ ಆಟೋರಿಕವರ್ ಡಿಫಾಲ್ಟಾಗಿ 10 ನಿಮಿಷಕ್ಕೊಮ್ಮೆ ಪ್ರತಿ ಇಟ್ಟುಕೊಳ್ಳುತ್ತದೆ. ಅದನ್ನು ಪಾಲಿಸಿಯಿಂದ 2 ಅಥವಾ 3 ನಿಮಿಷಕ್ಕೆ ಇಳಿಸಿ. ಮೊದಲ ಎರಡು ವಾರ ರೀಸ್ಟಾರ್ಟ್ ಮಾಡದೆ ಸಂದೇಶ ಮಾತ್ರ ತೋರಿಸಿ. ‘ನಮಗೆ ಯಾರೂ ಹೇಳಲಿಲ್ಲ’ ಎನ್ನುವ ಮಾತು ಆಮೇಲೆ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ.

ರಾತ್ರಿಯಿಡೀ ಓಡುವ ಲೆಕ್ಕ, ರೆಂಡರಿಂಗ್ ಇತ್ಯಾದಿ ಇರುವ ಕಂಪ್ಯೂಟರ್‌ಗಳನ್ನು ಒಂದು ಸೆಕ್ಯುರಿಟಿ ಗ್ರೂಪಿಗೆ ಹಾಕಿ ಈ ಪಾಲಿಸಿ ಹತ್ತದಂತೆ ಮಾಡಿ. ಡಿಸ್ಕ್ ತೆರೆಯಲು ಬೂಟ್ ಆಗುವಾಗಲೇ ಬಿಟ್‌ಲಾಕರ್ ಪಿನ್ ಕೇಳುವ ಕಂಪ್ಯೂಟರ್‌ಗಳನ್ನೂ ನೋಡಿಕೊಳ್ಳಿ. ಅವು ರೀಸ್ಟಾರ್ಟ್ ಆಗಿ ಪಿನ್ ಕೇಳುತ್ತಾ ಬೆಳಿಗ್ಗೆವರೆಗೆ ನಿಂತಿರುತ್ತವೆ. ಲಾಗಾಫ್ ಆದ ಹಾಗೆಯೇ ಲೆಕ್ಕ, ಆದರೆ ರಾತ್ರಿ ನೆಟ್‌ವರ್ಕಿಗೆ ಸಿಗುವುದಿಲ್ಲ.

ಹಗಲಿನ ಭದ್ರತೆಗೆ ಇದ್ಯಾವುದೂ ಉತ್ತರವಲ್ಲ. ಊಟಕ್ಕೆ ಎದ್ದುಹೋದವರ ಕಂಪ್ಯೂಟರ್ ರಾತ್ರಿ 8ರವರೆಗೆ ತೆರೆದಿರಬಾರದು. ‘ಇಂಟರ್‌ಆ್ಯಕ್ಟಿವ್ ಲಾಗಾನ್: ಮೆಷಿನ್ ಇನ್‌ಆ್ಯಕ್ಟಿವಿಟಿ ಲಿಮಿಟ್’ ಅನ್ನು 900 ಸೆಕೆಂಡಿಗೆ ಇಡಿ. 15 ನಿಮಿಷ ಮುಟ್ಟದಿದ್ದರೆ ತಾನೇ ಲಾಕ್ ಆಗುತ್ತದೆ. ಇದು ಕಂಪ್ಯೂಟರ್ ಕಡೆಯ ಪಾಲಿಸಿ, ನಿಮ್ಮ ಹಳೆಯ ಒಯುನಲ್ಲೇ ಸರಿಯಾಗಿ ಕೂರುತ್ತದೆ.

ಈಗ ನಿಮ್ಮ ಅಕೌಂಟ್ಸ್ ಫೈಲ್. ರೀಇಂಡೆಕ್ಸ್ ಶುರುವಾಗುವ ಮುಂಚೆ ಸರ್ವರ್‌ನಲ್ಲಿ ಪವರ್‌ಶೆಲ್‌ನ ಗೆಟ್-ಎಸ್‌ಎಂಬಿಓಪನ್‌ಫೈಲ್ ಓಡಿಸಿದರೆ ಆ ಫೈಲನ್ನು ಯಾವ ಕಂಪ್ಯೂಟರಿನಿಂದ ಯಾರು ತೆರೆದಿದ್ದಾರೆ ಅಂತ ಸಾಲು ಸಾಲಾಗಿ ತೋರಿಸುತ್ತದೆ. ಯಾರೂ ಇಲ್ಲದಿದ್ದರೆ ಮುಂದುವರಿಯಲಿ. ಇದ್ದರೆ ರೀಇಂಡೆಕ್ಸ್ ಬಿಟ್ಟು ನಿಮಗೆ ಮೇಲ್ ಕಳಿಸಲಿ. ಕ್ಲೋಸ್-ಎಸ್‌ಎಂಬಿಓಪನ್‌ಫೈಲ್ ಎಂಬ ಕಮಾಂಡೂ ಇದೆ, ಕೈ ಚುರುಗುಟ್ಟುತ್ತದೆ, ಆದರೆ ಸ್ಕ್ರಿಪ್ಟಿನಲ್ಲಿ ಅದನ್ನು ಇಡಬೇಡಿ. ಅದು ಸರ್ವರ್ ಕಡೆಯಿಂದ ಫೈಲ್ ಕಿತ್ತುಕೊಳ್ಳುತ್ತದೆ, ಅತ್ತ ಸಾಫ್ಟ್‌ವೇರಿಗೆ ಸುದ್ದಿಯೇ ಇರುವುದಿಲ್ಲ. ಇದೆಲ್ಲ ಬ್ಯಾಕಪ್ಪಿಗಾಗಿ ಮಾತ್ರ ಆಗಿದ್ದರೆ ತಲೆಬಿಸಿ ಕಡಿಮೆ ಇತ್ತು. ವಿಂಡೋಸ್‌ನ ಶ್ಯಾಡೋ ಕಾಪಿ ಓಪನ್ ಇರುವ ಫೈಲಿನದೂ ಪ್ರತಿ ತೆಗೆಯುತ್ತದೆ. ರೀಇಂಡೆಕ್ಸಿಗೆ ಆ ಅನುಕೂಲವಿಲ್ಲ, ಫೈಲ್ ಪೂರ್ತಿ ಅದರ ಕೈಗೇ ಬೇಕು.

ರಿಮೋಟ್ ಡೆಸ್ಕ್‌ಟಾಪ್ ಸರ್ವರ್‌ನಲ್ಲಿ ಕೆಲಸ ಮಾಡುವವರಿದ್ದರೆ ಅಲ್ಲಿ ಈ ಟಾಸ್ಕ್ ಬೇಕಿಲ್ಲ, ಹಾಕಲೂ ಬಾರದು. ಸೆಷನ್ ಟೈಮ್ ಲಿಮಿಟ್ಸ್ ಪಾಲಿಸಿಯಲ್ಲಿ ಐಡಲ್ ಆದವರನ್ನು ಇಷ್ಟು ಹೊತ್ತಿಗೆ ಡಿಸ್‌ಕನೆಕ್ಟ್ ಮಾಡು, ಡಿಸ್‌ಕನೆಕ್ಟ್ ಆದ ಸೆಷನ್ನನ್ನು ಇಷ್ಟು ಹೊತ್ತಿಗೆ ಮುಗಿಸು ಅಂತ ಹೇಳಬಹುದು. ಚೆನ್ನಾಗಿ ಕೆಲಸ ಮಾಡುತ್ತದೆ.

ಮನೆಗೆ ಹೋದ ಲ್ಯಾಪ್‌ಟಾಪಿಗೆ ಡೊಮೇನ್ ಕಂಟ್ರೋಲರ್ ಕೈಗೆ ಸಿಗುವುದಿಲ್ಲ. ಅಲ್ಲಿ ಲಾಗಾನ್ ಅವರ್ಸ್ ನಂಬಿ ಕೂರಬೇಡಿ. ಮೇಲ್ ಮತ್ತು ಫೈಲ್‌ಗಳು ಮೈಕ್ರೋಸಾಫ್ಟ್ ಕ್ಲೌಡ್‌ನಲ್ಲಿದ್ದರೆ ಇನ್ನೊಂದು ತೂತು ಇದೆ. ಪಾಸ್‌ವರ್ಡ್ ಹ್ಯಾಶ್ ಸಿಂಕ್ (ಪಾಸ್‌ವರ್ಡಿನ ಸಂಕೇತರೂಪ ಕ್ಲೌಡಿಗೆ ಹೋಗಿ ಅಲ್ಲೇ ಪರಿಶೀಲನೆ) ಬಳಸುವ ಕಡೆ ಕ್ಲೌಡ್ ನಿಮ್ಮ ಆಕ್ಟಿವ್ ಡೈರೆಕ್ಟರಿಯ ಲಾಗಾನ್ ಅವರ್ಸ್ ನೋಡುವುದೇ ಇಲ್ಲ, ಪಾಸ್-ಥ್ರೂ ಅಥೆಂಟಿಕೇಶನ್ (ಪ್ರತಿ ಸಲ ನಿಮ್ಮ ಡೊಮೇನನ್ನೇ ಕೇಳುವುದು) ಇದ್ದರೆ ನೋಡುತ್ತದೆ.

ಎಲ್ಲ ಹಾಕಿದ ಮೇಲೆ ನಿಜಕ್ಕೂ ಆಗುತ್ತಿದೆಯೇ ಅಂತ ನೋಡಲು ಇವೆಂಟ್ ವ್ಯೂವರ್ (ವಿಂಡೋಸ್ ಬರೆದಿಡುವ ಘಟನೆಗಳ ಪಟ್ಟಿ) ಸಾಕು. ಸಿಸ್ಟಮ್ ಲಾಗ್‌ನಲ್ಲಿ 1074 ಎಂಬ ಇವೆಂಟ್ ಬಂದಿದ್ದರೆ ರೀಸ್ಟಾರ್ಟಿಗೆ ಆದೇಶ ಹೋಗಿದೆ, ಯಾವ ಅಕೌಂಟು ಕೊಟ್ಟಿತು ಅಂತಲೂ ಅದರಲ್ಲೇ ಇರುತ್ತದೆ. ಸೆಕ್ಯುರಿಟಿ ಲಾಗ್‌ನಲ್ಲಿ 4647 ಅಂದರೆ ಯೂಸರೇ ಲಾಗಾಫ್ ಮಾಡಿದ್ದು, 4800 ಅಂದರೆ ಲಾಕ್ ಆಗಿದ್ದು. 4800 ಬರಬೇಕಾದರೆ ಅದರ ಆಡಿಟ್ ಪಾಲಿಸಿ (ಯಾವ ಘಟನೆ ಬರೆದಿಡಬೇಕು ಎನ್ನುವ ಸೆಟ್ಟಿಂಗ್) ಆನ್ ಇರಬೇಕು. ಮೊದಲು ಐದಾರು ಕಂಪ್ಯೂಟರ್‌ಗಳಿಗೆ ಮಾತ್ರ ಹಾಕಿ, ಅದರಲ್ಲಿ ಅಕೌಂಟ್ಸ್‌ನದೊಂದು, ಒಂದು ಲ್ಯಾಪ್‌ಟಾಪ್, ಇಬ್ಬರು ಹಂಚಿಕೊಳ್ಳುವುದೊಂದು ಇರಲಿ. ತಿಂಗಳ ಕೊನೆ ಒಮ್ಮೆ ದಾಟಿದ ಮೇಲೆ ಉಳಿದವುಗಳಿಗೆ ಹಬ್ಬಿಸಿ.